ಬೀಜಸಂಗ್ರಾಹಕ ವಾವಿಲೋವ್

ಸೇಡಂ, ಚಿತ್ತಾಪುರ, ಚಿಂಚೋಳಿಗಳ ಎರೆಹೊಲಗಳಲ್ಲಿ ತೊಗರಿಗೆ ನೆಟೆರೋಗವು ತಗುಲಿದರೆ ಹೂಕಾಯಿ ತುಂಬಿದ ಗಿಡವು ನಿಂತಲ್ಲಿಯೇ ಒಣಗಿಹೋಗುವುದನ್ನು ನಮ್ಮ ವಾಚಕರು ಬಲ್ಲರು. 2022ರ ಹಾವಳಿಯನ್ನು ವಾಡಿ, ಶಹಾಬಾದಗಳ ಪೇಟೆಯವರೂ ಮರೆತಿರಲಾರರು. ಇಂಥ ರೋಗಗಳನ್ನು ಎದುರಿಸುವ ಶಕ್ತಿಯು ಯಾವುದೋ ಮೂಲೆಯ ನಾಟಿ ಬೀಜದಲ್ಲಿ ಅಡಗಿರಬಹುದೆಂದೂ, ಅದನ್ನು ಲೋಕವೆಲ್ಲ ಅರಸಿ ಕಾಪಾಡಬೇಕೆಂದೂ ತೋರಿಸಿಕೊಟ್ಟವರಲ್ಲಿ ರಷ್ಯಾದ ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೋವನು ಅಗ್ರಗಣ್ಯನು. ಆತನ ಚರಿತ್ರೆಯನ್ನು ಇಂದು ಸಂಗ್ರಹವಾಗಿ ನಿರೂಪಿಸಬಯಸುತ್ತೇವೆ.

1887ರಲ್ಲಿ ಮಾಸ್ಕೋ ನಗರದ ವರ್ತಕನೊಬ್ಬನ ಮಗನಾಗಿ ಜನಿಸಿದ ಈತನು ಕೃಷಿಶಾಸ್ತ್ರವನ್ನು ಅಭ್ಯಸಿಸಿ, ಇಂಗ್ಲೆಂಡಿನಲ್ಲಿ ಬೇಟ್ಸನ್ ಪಂಡಿತನ ಬಳಿ ಅನುವಂಶಶಾಸ್ತ್ರವನ್ನು ಕಲಿತನು. ಕ್ರಾಂತಿಯ ವರ್ಷವಾದ 1917ರಲ್ಲಿ ಸಾರಾತೋವ್ ಪಟ್ಟಣದಲ್ಲಿ ಪ್ರಾಧ್ಯಾಪಕನಾದನು. ವೋಲ್ಗಾ ತೀರವನ್ನು ಘೋರ ಕ್ಷಾಮವು ಆವರಿಸಿದ 1921ರಲ್ಲಿ, ಮುಂದೆ ಲೆನಿನ್‌ಗ್ರಾಡ್ ಎನಿಸಿದ ನಗರದ ಸಸ್ಯಸಂಶೋಧನ ಸಂಸ್ಥೆಗೆ ಮುಖ್ಯಸ್ಥನಾದನು. ನೂತನ ಸರಕಾರವು ಆತನಿಗೆ ಧನಸಹಾಯವನ್ನು ಒದಗಿಸಿ, 1926ರಲ್ಲಿ ಲೆನಿನ್ ಪಾರಿತೋಷಕವನ್ನಿತ್ತು ಮನ್ನಿಸಿತೆಂಬುದನ್ನು ಮರೆಮಾಚುವುದು ನ್ಯಾಯವಲ್ಲ.

ಆಫಘಾನಿಸ್ತಾನ, ಅಬಿಸೀನಿಯ, ಚೀನ, ಜಪಾನ, ಅಮೆರಿಕ ಖಂಡಗಳನ್ನು ಸುತ್ತಿ ಆತನು ಬೀಜಗಳನ್ನು ಕೂಡಿಹಾಕಿದನು. ಬೆಳೆಗಳ ತವರುಗಳು ಭೂಮಂಡಲದಲ್ಲಿ ಕೆಲವೇ ಎಂದೂ, ತಳಿಗಳ ವೈವಿಧ್ಯವು ಅಲ್ಲಿಯೇ ಹೆಚ್ಚೆಂದೂ ಪ್ರತಿಪಾದಿಸಿದನು. ಭರತಖಂಡವು ಅವುಗಳಲ್ಲೊಂದು, ಭತ್ತದೊಡನೆ ನಮ್ಮ ತೊಗರಿಯೂ ಆತನ ಗಣನೆಯಲ್ಲಿ ಈ ಮಣ್ಣಿನ ಕೂಸು. 1940ರ ವೇಳೆಗೆ ಆ ಸಂಸ್ಥೆಯ ಭಂಡಾರದಲ್ಲಿ ಸುಮಾರು 2,50,000 ಮಾದರಿಗಳಿದ್ದುವು.

ಆದರೆ ಹೊಸ ತಳಿಯೊಂದನ್ನು ಸಿದ್ಧಪಡಿಸಲು ಹತ್ತು ಹನ್ನೆರಡು ವರ್ಷಗಳು ಬೇಕು. ಸರಕಾರವು 1931ರಲ್ಲಿ ನಾಲ್ಕೈದು ವರ್ಷಗಳಲ್ಲಿಯೇ ಆಗಬೇಕೆಂದು ವಿಧಿಸಿತು. ಬೀಜವನ್ನು ತಣ್ಣಗಿರಿಸಿ ಸಂಸ್ಕರಿಸಿದರೆ ಬೆಳೆಯ ಸ್ವಭಾವವನ್ನೇ ಬದಲಿಸಬಹುದೆಂದು ಹೇಳಿಕೊಂಡ ಲೈಸೆಂಕೊ ಎಂಬಾತನು ಸ್ಟಾಲಿನನ ಕೃಪೆಗೆ ಪಾತ್ರನಾದನು. ಮೊದಲು ಅವನಿಗೆ ಪ್ರೋತ್ಸಾಹವಿತ್ತವರಲ್ಲಿ ವಾವಿಲೋವನೂ ಒಬ್ಬನು. ಮುಂದೆ ಅವನ ವಾದವು ಹುಸಿಯೆಂದು ಕಂಡಾಗ ವಾವಿಲೋವನು ಬಹಿರಂಗವಾಗಿ ವಿರೋಧಿಸಿದನು. 1939ರಲ್ಲಿ ಎಡಿನ್‌ಬರೊ ನಗರದ ಅಂತಾರಾಷ್ಟ್ರೀಯ ಅನುವಂಶಶಾಸ್ತ್ರ ಸಮ್ಮೇಳನವು ಆತನನ್ನು ಅಧ್ಯಕ್ಷನನ್ನಾಗಿ ಆರಿಸಿದರೂ ಹೋಗಗೊಡಲಿಲ್ಲ.

1940ರ ಆಗಸ್ಟಿನಲ್ಲಿ, ಉಕ್ರೇನಿನ ಪಶ್ಚಿಮ ಭಾಗದಲ್ಲಿ ಸಸ್ಯಾನ್ವೇಷಣೆಯಲ್ಲಿದ್ದಾಗಲೇ ಆತನ ಬಂಧನವಾಯಿತು. ಗೂಢಚಾರನೆಂದೂ ಕೃಷಿಗೆ ದ್ರೋಹ ಬಗೆದವನೆಂದೂ ಆರೋಪ ಹೊರಿಸಿ ಮರಣದಂಡನೆ ವಿಧಿಸಿದರು. ಬಳಿಕ ಅದನ್ನು ಇಪ್ಪತ್ತು ವರ್ಷಗಳ ಸೆರೆಗೆ ಇಳಿಸಿದರು. ತಾನು ಪ್ರಾಧ್ಯಾಪಕನಾಗಿದ್ದ ಸಾರಾತೋವಿನ ಸೆರೆಮನೆಯಲ್ಲಿಯೇ, 1943ರ ಜನವರಿ 26ರಂದು, ಜನರ ಹಸಿವನ್ನು ನೀಗಲೆಂದು ದುಡಿದ ಜೀವವು ಅನ್ನವಿಲ್ಲದೆ ಸೊರಗಿ ಅಳಿಯಿತು. ಅತ್ತ ಜರ್ಮನರ ಮುತ್ತಿಗೆಗೆ ಸಿಕ್ಕಿದ ಲೆನಿನ್‌ಗ್ರಾಡಿನಲ್ಲಿ ಆತನ ಸಹೋದ್ಯೋಗಿಗಳು ಧಾನ್ಯದ ನಡುವೆ ಕುಳಿತು ಉಪವಾಸದಿಂದ ಸತ್ತರೇ ಹೊರತು ಬೀಜವನ್ನು ಮುಟ್ಟಲಿಲ್ಲ. ಭತ್ತದ ಭಂಡಾರವನ್ನು ಕಾಯುತ್ತಿದ್ದ ಇವಾನೋವನು ಅವರಲ್ಲೊಬ್ಬನು.

ಆತನ ತಮ್ಮನಾದ ಭೌತವಿಜ್ಞಾನಿ ಸೆರ್ಗೈ ವಾವಿಲೋವನನ್ನು ಅದೇ ಸರಕಾರವು 1945ರಲ್ಲಿ ವಿಜ್ಞಾನ ಅಕಾಡೆಮಿಗೆ ಅಧ್ಯಕ್ಷನನ್ನಾಗಿ ಮಾಡಿತು! 1948ರಲ್ಲಿ ಅನುವಂಶಶಾಸ್ತ್ರಕ್ಕೇ ಬಹಿಷ್ಕಾರ ಬಿದ್ದಿತು. 1955ರಲ್ಲಿ ವಾವಿಲೋವನು ನಿರ್ದೋಷಿಯೆಂದು ಸಾರಿದರು. ಲೈಸೆಂಕೊನ ಪ್ರಭಾವವು ಕುಗ್ಗಲು ಇನ್ನೂ ಹತ್ತು ವರ್ಷಗಳು ಹಿಡಿದುವು.

ಈ ಚರಿತ್ರೆಯು ನಮಗೆ ದೂರದ್ದಲ್ಲ. 1972ರಲ್ಲಿ ಹೈದರಾಬಾದಿನ ಸಮೀಪದ ಪಟಾಂಚೆರುವಿನಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯು ತೊಗರಿಯ 13,000ಕ್ಕೂ ಹೆಚ್ಚು ಮಾದರಿಗಳನ್ನು ಕಾಯ್ದಿರಿಸಿದೆ. ಮಹಾರಾಷ್ಟ್ರದ ನಾಟಿ ತಳಿಯಿಂದ ಆಯ್ದು 1986ರಲ್ಲಿ ಕರ್ನಾಟಕಕ್ಕೆ ಬಿಡುಗಡೆಯಾದ ಮಾರುತಿ ತೊಗರಿಯು ನೆಟೆರೋಗವನ್ನು ತಡೆದು ನಮ್ಮ ಒಕ್ಕಲಿಗರಿಗೆ ಆಸರೆಯಾಯಿತು. ರೋಗವು ಮತ್ತೆ ತಲೆಯೆತ್ತಿದರೆ ಹುಡುಕಾಟವೂ ಮತ್ತೆ ಆರಂಭವಾಗಬೇಕು. ಆಗ ಮೇಲಿನವರಿಗೆ ಪ್ರಿಯವಾದ ಅಂಕಿಗಳನ್ನಲ್ಲ, ಹೊಲದಲ್ಲಿ ಕಂಡ ನಿಜವನ್ನು ಬರೆದು ಕಳುಹುವ ಧೈರ್ಯವು ಅಧಿಕಾರಿಗಳಲ್ಲಿಯೂ, ಅದನ್ನು ಕೇಳುವ ತಾಳ್ಮೆಯು ಆಳುವವರಲ್ಲಿಯೂ ಇರಬೇಕು. ಪ್ರಭುವಿನ ಆಜ್ಞೆಗೆ ಮನುಷ್ಯನು ಬಾಗಬಹುದು, ಬೀಜವು ಬಾಗದು. ವಿಜ್ಞಾನಿಯ ಬಾಯನ್ನು ಕಟ್ಟಿದ ರಾಷ್ಟ್ರವು ಕೊನೆಗೆ ತನ್ನ ಅನ್ನಕ್ಕೇ ಕುತ್ತು ತಂದುಕೊಳ್ಳುವುದೆಂಬುದರಲ್ಲಿ ನಮಗೆ ಸಂದೇಹವಿಲ್ಲ.