ಬಾವಿಯ ದೀಪ ಮತ್ತು ಹಾಲ್ಡೇನ್

ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳಲ್ಲಿ ಹಳೆಯ ಬಾವಿಯ ಹೂಳೆತ್ತಲು ಇಳಿಯುವವರು ಮೊದಲು ಉರಿಯುವ ಲಾಟೀನನ್ನು ಹಗ್ಗಕ್ಕೆ ಕಟ್ಟಿ ಇಳಿಬಿಡುತ್ತಿದ್ದರು. ದೀಪ ನಂದಿದರೆ ಯಾರೂ ಇಳಿಯುವಂತಿರಲಿಲ್ಲ. ಈ ಕಟ್ಟಳೆಯ ಅರ್ಥ ನನಗೆ ಮನದಟ್ಟಾದದ್ದು ಸ್ಕಾಟ್ಲೆಂಡಿನ ಶರೀರವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಅವರ ಜೀವನವನ್ನು ಓದಿದಾಗ.

1860ರಲ್ಲಿ ಎಡಿನ್‌ಬರೊದಲ್ಲಿ ಜನಿಸಿದ ಹಾಲ್ಡೇನ್ ವೈದ್ಯಕೀಯ ಓದಿದರೂ ಬೆನ್ನು ಹತ್ತಿದ್ದು ಕೆಟ್ಟ ಗಾಳಿಯನ್ನು. ಆಮ್ಲಜನಕ ಸುಮಾರು ಶೇ 17ಕ್ಕೆ ಇಳಿದರೆ ಮನುಷ್ಯ ಕುಸಿಯುವ ಮೊದಲೇ ಬತ್ತಿ ಆರುತ್ತದೆ. ಆದರೆ ಡೀಸೆಲ್ ಎಂಜಿನ್ ಇಳಿಸಿ ನೀರೆತ್ತುವ ಬಾವಿಯಲ್ಲಿ ದೀಪವೂ ಸಾಲದು. ಕಾರ್ಬನ್ ಮೊನಾಕ್ಸೈಡ್ ಬತ್ತಿಯನ್ನು ನಂದಿಸದೆಯೇ ಕೊಲ್ಲುತ್ತದೆ. ಅದಕ್ಕೆಂದೇ ಹಾಲ್ಡೇನ್ ಗಣಿಗಳಿಗೆ ಪುಟ್ಟ ಹಕ್ಕಿಗಳನ್ನು ಒಯ್ಯಲು ಸೂಚಿಸಿದರು. ವಿಷಾನಿಲವನ್ನು ಮೊದಲು ತಾವೇ ಸೇವಿಸಿ ನೋಡುವುದು ಅವರ ಪದ್ಧತಿ. ನಮ್ಮಲ್ಲಿ 2013ರ ಕಾಯ್ದೆ ಬಂದ ನಂತರವೂ ಗಾಳಿಯನ್ನು ಪರೀಕ್ಷಿಸದೆ ಬಡವರನ್ನು ಮ್ಯಾನ್‌ಹೋಲಿಗೆ ಇಳಿಸಿದ್ದನ್ನು ನೆನೆದರೆ ನಾಚಿಕೆಯಾಗುತ್ತದೆ.

ಬ್ರಿಟಿಷ್ ನೌಕಾಪಡೆ ಮುಳುಗುಗಾರರ ಸಂಕಷ್ಟವನ್ನು ಅವರ ಮುಂದಿಟ್ಟದ್ದು 1905ರಲ್ಲಿ. ಆ ಕಾಲದ ಮುಳುಗುಗಾರ ತಾಮ್ರದ ಶಿರಸ್ತ್ರಾಣ, ಎದೆ-ಬೆನ್ನಿಗೆ ಸೀಸದ ತೂಕ, ಸೀಸದ ಅಟ್ಟೆಯ ಬೂಟು ಸೇರಿ ಸುಮಾರು 80 ಕೆ.ಜಿ. ಹೊರುತ್ತಿದ್ದ. ಗಾಳಿ ತುಂಬಿದ ಉಡುಪು ತೇಲುವುದರಿಂದ ಈ ಭಾರ ಅನಿವಾರ್ಯ. ತೂಕ ಕಡಿಮೆಯಾದರೆ ತಳದಲ್ಲಿ ಕಾಲೂರಲಾಗದು. ಉಡುಪಿನಲ್ಲಿ ಗಾಳಿ ಮಿತಿಮೀರಿದರೆ ಬೆಂಡಿನಂತೆ ಮೇಲಕ್ಕೆ ಚಿಮ್ಮಬೇಕಾದೀತು. ಆಳದಲ್ಲಿ ದುಡಿಯುವವರು ಬೇಗನೆ ಏದುಸಿರು ಬಿಡುವುದಕ್ಕೆ, ಅವರೇ ಹೊರಬಿಟ್ಟ ಉಸಿರು ಶಿರಸ್ತ್ರಾಣದೊಳಗೆ ಶೇಖರವಾಗುವುದೇ ಮುಖ್ಯ ಕಾರಣವೆಂದು ಹಾಲ್ಡೇನ್ ಕಂಡುಕೊಂಡರು. 10 ಮೀಟರ್ ಆಳದಲ್ಲಿ ಒತ್ತಡ ಇಮ್ಮಡಿ. ಪಂಪು ಕಳಿಸುವ ಗಾಳಿಯೂ ಇಮ್ಮಡಿಯಾಗಬೇಕು.

ತಳದಿಂದ ಒಂದೇ ವೇಗದಲ್ಲಿ ನಿಧಾನವಾಗಿ ಏರುವುದು ಅಂದಿನ ರೂಢಿಯಾಗಿತ್ತು. ಮೇಕೆಗಳ ಮೇಲೆ ಪ್ರಯೋಗ ನಡೆಸಿದ ಹಾಲ್ಡೇನ್ ಅದನ್ನು ತಿರುಗಿಸಿದರು: ಒತ್ತಡ ಅರ್ಧಕ್ಕಿಳಿಯುವವರೆಗೆ ಬೇಗ ಏರಬೇಕು, ಆಮೇಲೆ ಪ್ರತಿ 10 ಅಡಿಗೆ ನಿಂತು ನಿಂತು ಬರಬೇಕು. ಇಲ್ಲವಾದರೆ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಯಾಗಿ ಕೀಲುಗಳನ್ನೂ ಬೆನ್ನುಹುರಿಯನ್ನೂ ಕೆಡಿಸುತ್ತದೆ. 1906ರಲ್ಲಿ ಡೇಮಂಟ್ ಮತ್ತು ಕ್ಯಾಟೊ ಸ್ಕಾಟ್ಲೆಂಡಿನ ಕಡಲಲ್ಲಿ 210 ಅಡಿ ಇಳಿದು ಕ್ಷೇಮವಾಗಿ ಮರಳಿದರು. ಅದೇ ಯಾತ್ರೆಯಲ್ಲಿ ಹಾಲ್ಡೇನ್ ತಮ್ಮ 13 ವರ್ಷದ ಮಗನನ್ನೂ ಅಳತೆ ಮೀರಿದ, ನೀರು ಸೋರುವ ಉಡುಪು ತೊಡಿಸಿ ಇಳಿಸಿದ್ದರು. ಇದನ್ನು ನಾನಂತೂ ಮೆಚ್ಚಲಾರೆ. ಮುಂದೆ ಭಾರತಕ್ಕೆ ಬಂದು 1964ರಲ್ಲಿ ಭುವನೇಶ್ವರದಲ್ಲಿ ಕೊನೆಯುಸಿರೆಳೆದ ಜೆ.ಬಿ.ಎಸ್. ಹಾಲ್ಡೇನ್ ಆ ಹುಡುಗನೇ.

ಹಾಲ್ಡೇನರ ಕೋಷ್ಟಕಗಳು 1908ರಲ್ಲಿ ಪ್ರಕಟವಾದವು. ಡೇಮಂಟ್ 1917ರಿಂದ 1924ರವರೆಗೆ ಮುಳುಗಿದ ಲಾರೆಂಟಿಕ್ ಹಡಗಿನ 3,211 ಚಿನ್ನದ ಗಟ್ಟಿಗಳಲ್ಲಿ 3,186ನ್ನು ಮೇಲೆತ್ತಿಸಿದರು. ಒಬ್ಬ ಮುಳುಗುಗಾರನೂ ಸಾಯಲಿಲ್ಲ. ಹಾಲ್ಡೇನ್ 1936ರಲ್ಲಿ ನಿಧನರಾದರು. ಇಂದಿನ ಮುಳುಗುಗಾರರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಎಣಿಸುವುದು ಅವರ ಲೆಕ್ಕವನ್ನೇ ತಿದ್ದಿ ಬೆಳೆಸಿದ ಸೂತ್ರಗಳಿಂದ.