ಧಾರವಾಡದಲ್ಲಿ ಹುಟ್ಟಿದ ಬೌಲರ್ ಬಾಳೂ ಪಾಲವಣಕರ

ನಮ್ಮ ರೋಣ, ನರಗುಂದ, ಗಜೇಂದ್ರಗಡ ಭಾಗವೆಲ್ಲ 1997ರವರೆಗೆ ಅವಿಭಜಿತ ಧಾರವಾಡ ಜಿಲ್ಲೆಗೆ ಸೇರಿತ್ತು. ಆ ಜಿಲ್ಲೆಯ ಮುಖ್ಯಸ್ಥಳ ಧಾರವಾಡದಲ್ಲಿ 1876ರಲ್ಲಿ ಜನಿಸಿ, ಭಾರತದ ಮೊದಲ ಶ್ರೇಷ್ಠ ಸ್ಪಿನ್ ಬೌಲರ್ ಎನಿಸಿಕೊಂಡವರು ಬಾಳೂ ಪಾಲವಣಕರ. ಅವರ ಹೆಸರು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಪರಿಚಯವಿಲ್ಲ.

ಬಾಳೂ ಅವರದು ಸಮಾಜ ಅಸ್ಪೃಶ್ಯವೆಂದು ದೂರವಿಟ್ಟಿದ್ದ ಕುಟುಂಬ. ತಂದೆ ಸೈನ್ಯದ ಸೇವೆಯಲ್ಲಿದ್ದರು. ಪುಣೆಯಲ್ಲಿ ಬೆಳೆದ ಬಾಳೂ, ಅಲ್ಲಿನ ಯುರೋಪಿಯನ್ ಜಿಮಖಾನಾದಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಸೇರಿದರು. ಪಿಚ್ ಸಿದ್ಧಪಡಿಸುವುದು, ನೆಟ್ ಕಟ್ಟುವುದು, ಸಾಹೇಬರ ಅಭ್ಯಾಸಕ್ಕೆ ಚೆಂಡು ಎಸೆಯುವುದು ಅವರ ಕೆಲಸ. ಬ್ಯಾಟು ಹಿಡಿಯಲು ಮಾತ್ರ ಅವಕಾಶವಿರಲಿಲ್ಲ. ಪ್ರಸಿದ್ಧ ಬ್ಯಾಟ್ಸ್‌ಮನ್ ಗ್ರೇಗ್ ಅವರಿಗೆ ಗಂಟೆಗಟ್ಟಲೆ ಬೌಲಿಂಗ್ ಮಾಡುತ್ತಲೇ ಅವರ ಎಡಗೈ ಸ್ಪಿನ್ ಪಳಗಿತು.

ಅವರನ್ನು ಹಿಂದೂ ತಂಡಕ್ಕೆ ಸೇರಿಸಿಕೊಳ್ಳಬೇಕೇ ಎಂಬ ವಾದ ಎದ್ದಿತು. ಗೆಲ್ಲುವ ಆಸೆಯಿಂದ ಸೇರಿಸಿಕೊಂಡರು. ಮೈದಾನದಲ್ಲಿ ಎಲ್ಲರೂ ಮುಟ್ಟಿದ ಚೆಂಡನ್ನೇ ಅವರೂ ಮುಟ್ಟುತ್ತಿದ್ದರು. ವಿರಾಮದಲ್ಲಿ ಮಾತ್ರ ಅವರಿಗೆ ಚಹಾ ಹೊರಗೆ, ಬೇರೆ ಮಣ್ಣಿನ ಲೋಟದಲ್ಲಿ. ಮುಂದೆ ಮುಂಬಯಿಗೆ ಹೋದ ಬಾಳೂ ರೈಲ್ವೆ ನೌಕರಿ ಮಾಡುತ್ತ ಆಡಿದರು. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್ನುಗಳಿಂದ ಸೋಲಿಸಿದಾಗ ಬಾಳೂ ಮತ್ತು ತಮ್ಮ ಶಿವರಾಮ ಇಬ್ಬರೂ ತಂಡದಲ್ಲಿದ್ದರು.

1911ರಲ್ಲಿ ಪಟಿಯಾಲಾ ಮಹಾರಾಜರ ನಾಯಕತ್ವದಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ತಂಡ ಬಹಳ ಪಂದ್ಯ ಸೋತರೂ ಬಾಳೂ ಒಬ್ಬರೇ 114 ವಿಕೆಟ್ ಪಡೆದರು. ಇಷ್ಟಾದರೂ ಹಿಂದೂ ತಂಡದ ನಾಯಕಪಟ್ಟ ಅವರಿಗೆ ದಕ್ಕಲಿಲ್ಲ. 1920ರಲ್ಲಿ ಅವರನ್ನು ತಂಡದಿಂದ ಕೈಬಿಟ್ಟಾಗ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ಆಡಲು ನಿರಾಕರಿಸಿದರು. ಕೊನೆಗೆ 1923ರಲ್ಲಿ ವಿಠ್ಠಲ ಆ ತಂಡದ ನಾಯಕರಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ತರುಣ ಅಂಬೇಡ್ಕರರು ಬಾಳೂ ಅವರನ್ನು ಬಹಳ ಅಭಿಮಾನದಿಂದ ಕಾಣುತ್ತಿದ್ದರು. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಳೂ ಅಂಬೇಡ್ಕರರ ಎದುರೇ ಸ್ಪರ್ಧಿಸಿ ಸೋತರು. 1955ರಲ್ಲಿ ಅವರು ನಿಧನರಾದರು.

ನಮ್ಮ ಶಾಲೆಯ ಮೈದಾನದಲ್ಲಿ ಆಡುವ ಮಕ್ಕಳು ಈ ಹೆಸರನ್ನು ನೆನಪಿಡಲಿ. ತಂಡ ಆರಿಸುವಾಗ ಆಟವನ್ನಷ್ಟೇ ನೋಡಲಿ. ನೀರು ಕುಡಿಯುವಾಗ ಎಲ್ಲರ ಲೋಟವೂ ಒಂದೇ ಆಗಿರಲಿ.