ರೆಡ್ ಔರ್‌ಬ್ಯಾಕ್: ಎಳಗರುವಿನ ಬೆಲೆ ಬಲ್ಲವನು

ನಮ್ಮ ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯ ದನಗಳ ಜಾತ್ರೆಗೆ ಹೋಗಿಬಂದವರಿಗೆ ಒಂದು ದೃಶ್ಯ ಪರಿಚಿತವಾಗಿಯೇ ಇರುತ್ತದೆ. ಇಬ್ಬರು ರೈತರು ಎದುರುಬದುರು ನಿಂತು, ಕೈಗಳ ಮೇಲೆ ಟವೆಲ್ಲು ಮುಚ್ಚಿಕೊಂಡು, ಬೆರಳು ಹಿಡಿದು ವ್ಯಾಪಾರ ಮಾಡುತ್ತಿರುತ್ತಾರೆ. ಒಬ್ಬನ ಬಳಿ ಬಾಯಿಗೂಡಿದ ಹಳ್ಳಿಕಾರ್ ಎತ್ತಿನ ಜೋಡಿ. ನಾಳೆಯೇ ನೇಗಿಲಿಗೆ ಹೂಡಬಹುದು. ಇನ್ನೊಬ್ಬನ ಬಳಿ ಹಾಲುಹಲ್ಲಿನ ಕರುಗಳು. ಮೇವು ಹಾಕಿ ವರ್ಷಗಟ್ಟಲೆ ಕಾಯಬೇಕು. ಎತ್ತು ಕೊಟ್ಟು ಕರು ಹಿಡಿಯಲು ಮನಸ್ಸು ಮಾಡಿದವನು ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ, ತಾಯಿಹಸುವಿನ ವಿಚಾರ ಕೇಳುತ್ತಾನೆ. ಎಲ್ಲಕ್ಕೂ ಮಿಗಿಲಾಗಿ ತನ್ನ ಹೊಲವನ್ನು ನೆನೆಯುತ್ತಾನೆ: ಈ ಮುಂಗಾರಿಗೆ ಉಳುವುದು ಹೇಗೆ?

ಇದೇ ಲೆಕ್ಕವನ್ನು ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಹಾಕಿ ಜಗತ್ಪ್ರಸಿದ್ಧನಾದವನು ಅಮೆರಿಕದ ರೆಡ್ ಔರ್‌ಬ್ಯಾಕ್. ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು ಒಂದು ಸಂಜೆ ಆಟದ ಮೈದಾನದಲ್ಲಿ ಆತನ ಹೆಸರು ಹೇಳಿದಂದಿನಿಂದ ನಾನು ಆತನ ವಿಚಾರ ಓದುತ್ತ ಬಂದಿದ್ದೇನೆ. ನಾನು ಉತ್ತಮ ಆಟಗಾರನೇನೂ ಅಲ್ಲ. ಆದರೂ ಈ ಮನುಷ್ಯನ ಚರಿತ್ರೆಯನ್ನು ಸಹಪಾಠಿಗಳ ಮುಂದಿಡಲು ನನಗೊಂದು ಕಾರಣವಿದೆ. ಅದನ್ನು ಕೊನೆಯಲ್ಲಿ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲು ಅಲ್ಲಿಯ ಪದ್ಧತಿಯನ್ನು ತಿಳಿಯಬೇಕು. ಕಾಲೇಜು ಮುಗಿಸಿ ಬರುವ ಹೊಸ ಆಟಗಾರರನ್ನು ಅಲ್ಲಿಯ ವೃತ್ತಿಪರ ತಂಡಗಳು ಮನಬಂದಂತೆ ಸೇರಿಸಿಕೊಳ್ಳುವಂತಿಲ್ಲ. ವರ್ಷಕ್ಕೊಮ್ಮೆ ಡ್ರಾಫ್ಟ್ ಎಂಬ ಆಯ್ಕೆ ನಡೆಯುತ್ತದೆ. ಸೋತು ಹಿಂದುಳಿದ ತಂಡಗಳಿಗೆ ಮುಂದಿನ ಸರದಿ ದೊರೆಯಬೇಕು, ಬಲ ಒಂದೇ ಕಡೆ ಸೇರಬಾರದು ಎಂಬುದು ಅದರ ಉದ್ದೇಶ. ಆದರೆ ಈ ಸರದಿಯನ್ನೇ ಕೊಡಬಹುದು, ಕೊಳ್ಳಬಹುದು. ಇಂದು ಆಡುತ್ತಿರುವ ಆಟಗಾರನನ್ನು ಕೊಟ್ಟು, ನಾಳೆ ಬರಲಿರುವವನನ್ನು ಆರಿಸುವ ಹಕ್ಕನ್ನು ಪಡೆಯಬಹುದು. ಎತ್ತು ಕೊಟ್ಟು ಕರು ಹಿಡಿದಂತೆಯೇ ಸರಿ.

ಔರ್‌ಬ್ಯಾಕ್ 1917ರ ಸೆಪ್ಟೆಂಬರ್ 20ರಂದು ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಜನಿಸಿದನು. ಹೆಸರು ಆರ್ನಾಲ್ಡ್; ಕೂದಲು ಕೆಂಪಾದ್ದರಿಂದ ರೆಡ್ ಎಂಬ ಅಡ್ಡಹೆಸರೇ ನಿಂತಿತು. ತಂದೆ ಮಿನ್ಸ್ಕ್ ಕಡೆಯಿಂದ ವಲಸೆ ಬಂದ ಯಹೂದಿ, ಬಟ್ಟೆ ಶುಚಿ ಮಾಡುವ ಅಂಗಡಿ ಇಟ್ಟಿದ್ದವನು. ಬಾಲಕ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಲೇ ಬೆಳೆದನು. ಆಟದ ಬಲದಿಂದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಸೇರಿ 1940ರಲ್ಲಿ ಪದವಿಯನ್ನೂ ಮರುವರ್ಷ ಸ್ನಾತಕೋತ್ತರ ಪದವಿಯನ್ನೂ ಪಡೆದನು. ಯುದ್ಧಕಾಲದಲ್ಲಿ ನೌಕಾದಳದಲ್ಲಿದ್ದು, 1946ರಲ್ಲಿ ವಾಷಿಂಗ್ಟನ್ ತಂಡದ ತರಬೇತುಗಾರನಾದನು. ಮೊದಲ ವರ್ಷವೇ ಆ ತಂಡ 49 ಪಂದ್ಯ ಗೆದ್ದು 11ರಲ್ಲಿ ಮಾತ್ರ ಸೋತಿತು.

ಮುಂದೆ ಟ್ರೈ-ಸಿಟೀಸ್ ಎಂಬ ತಂಡಕ್ಕೆ ಹೋದಾಗ ಒಂದು ಘಟನೆ ನಡೆಯಿತು. ಮಾಲೀಕ ಬೆನ್ ಕರ್ನರ್ ಈತನನ್ನು ಒಂದು ಮಾತೂ ಕೇಳದೆ ಒಬ್ಬ ಆಟಗಾರನನ್ನು ಬೇರೆ ತಂಡಕ್ಕೆ ಕೊಟ್ಟುಬಿಟ್ಟನು. ಉಳುವವನನ್ನು ಕೇಳದೆ ಎತ್ತು ಮಾರಿದ ಮನೆಯಲ್ಲಿ ಇರಬಾರದೆಂದು ಔರ್‌ಬ್ಯಾಕ್ ಕೆಲಸ ಬಿಟ್ಟು, 1950ರಲ್ಲಿ ವಾಲ್ಟರ್ ಬ್ರೌನನ ಒಡೆತನದ ಬೋಸ್ಟನ್ ಸೆಲ್ಟಿಕ್ಸ್ ಸೇರಿದನು. ಕರ್ನರನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು.

ಮಹಾಪುರುಷರ ಚರಿತ್ರೆ ಬರೆಯುವಾಗ ತಪ್ಪುಗಳನ್ನು ಮುಚ್ಚಿಡುವ ಅಭ್ಯಾಸ ನಮ್ಮಲ್ಲುಂಟು. ನಾನು ಹಾಗೆ ಮಾಡಲಾರೆ. ಅದೇ 1950ರಲ್ಲಿ ಬೋಸ್ಟನ್ ಸೀಮೆಯ ಜನಪ್ರಿಯ ಆಟಗಾರ ಬಾಬ್ ಕೂಸಿಯನ್ನು ಆರಿಸಲು ಔರ್‌ಬ್ಯಾಕ್ ಒಪ್ಪಲಿಲ್ಲ. ಕೂಸಿಯನ್ನು ಪಡೆದಿದ್ದ ಶಿಕಾಗೋ ತಂಡ ಮುಚ್ಚಿಹೋಗಿ, ಅಲ್ಲಿಯವರನ್ನು ಚೀಟಿ ಎತ್ತಿ ಹಂಚಿದಾಗ, ಕೂಸಿ ಬೋಸ್ಟನ್ ಪಾಲಿಗೇ ಬಂದನು! ಮುಂದೆ ಆತ ಅಮೆರಿಕದ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದನು. ಬೇಡವೆಂದವನನ್ನೇ ಅದೃಷ್ಟ ತಂದು ಕೈಗಿತ್ತಿತು. ಬಲ್ಲವನ ತಕ್ಕಡಿಯೂ ಒಮ್ಮೊಮ್ಮೆ ತಪ್ಪು ತೂಗುತ್ತದೆ.

ಕೂಸಿ ಬಂದ ಮೇಲೆ ತಂಡ ಅಂಕಗಳನ್ನು ಧಾರಾಳವಾಗಿ ಗಳಿಸಿತು. ಆದರೆ ಆರು ವರ್ಷ ಕಳೆದರೂ ಅಂತಿಮ ಸರಣಿಯನ್ನು ಕಾಣಲಿಲ್ಲ. ಬುಟ್ಟಿಗೆ ಬೀಳದೆ ಪುಟಿದ ಚೆಂಡನ್ನು ಹಿಡಿಯುವವರಿಲ್ಲದುದೇ ಅದರ ಕೊರತೆ. ಸ್ಯಾನ್ ಫ್ರಾನ್ಸಿಸ್ಕೋ ವಿಶ್ವವಿದ್ಯಾನಿಲಯದಲ್ಲಿ ಬಿಲ್ ರಸೆಲ್ ಎಂಬ ಕಪ್ಪು ಜನಾಂಗದ ಎತ್ತರದ ಯುವಕನಿದ್ದಾನೆಂದು ಔರ್‌ಬ್ಯಾಕನ ಹಳೆಯ ಗುರು ಬಿಲ್ ರೈನ್‌ಹಾರ್ಟ್ ತಿಳಿಸಿದ್ದನು. ರಸೆಲ್‌ಗೆ ಬುಟ್ಟಿಗೆ ಎಸೆಯುವುದು ಅಷ್ಟಾಗಿ ಬರದೆಂದು ಅನೇಕರು ಮೂಗು ಮುರಿದರು. ಪುಟಿದ ಚೆಂಡನ್ನು ಹಿಡಿಯುವುದರಲ್ಲಿ, ಎದುರಾಳಿಯ ಎಸೆತವನ್ನು ತಡೆಯುವುದರಲ್ಲಿ ಆತನಿಗೆ ಸಮಾನರಿರಲಿಲ್ಲ. ಔರ್‌ಬ್ಯಾಕ್‌ಗೆ ಬೇಕಾದುದೂ ಅದೇ.

1956ರ ಆಯ್ಕೆಯಲ್ಲಿ ಮೊದಲ ಸರದಿ ರಾಚೆಸ್ಟರ್ ತಂಡದ್ದು. ಪುಟಿದ ಚೆಂಡನ್ನು ಹಿಡಿಯಲು ಅವರಲ್ಲಿ ಮಾರಿಸ್ ಸ್ಟೋಕ್ಸ್ ಎಂಬ ಸಮರ್ಥನಿದ್ದುದರಿಂದ ರಸೆಲ್ ಅವರಿಗೆ ಅನಿವಾರ್ಯನಾಗಿರಲಿಲ್ಲ. ಅವರು ಬೇರೊಬ್ಬನನ್ನು ಆರಿಸಿದರು. ಒಂದೇ ಕರು ಒಂದು ಕೊಟ್ಟಿಗೆಗೆ ಹೆಚ್ಚುವರಿ, ಇನ್ನೊಂದು ಕೊಟ್ಟಿಗೆಗೆ ಜೀವಾಳ. ಎರಡನೆಯ ಸರದಿ ಸೇಂಟ್ ಲೂಯಿಸ್ ತಂಡದ್ದು. ಅದರ ಮಾಲೀಕ ಬೇರಾರೂ ಅಲ್ಲ, ಅದೇ ಬೆನ್ ಕರ್ನರ್!

ಕರ್ನರ್ ಕೇಳಿದ ಬೆಲೆ ಸಾಮಾನ್ಯವಾದುದಲ್ಲ. ಬೋಸ್ಟನ್ನಿನ ಪ್ರಮುಖ ಆಟಗಾರ ಎಡ್ ಮಕಾಲೆ ಬೇಕೆಂದನು. ಸಾಲದೆಂದು, ಸೇನಾಸೇವೆ ಮುಗಿಸಿ ಬರುತ್ತಿದ್ದ ಕ್ಲಿಫ್ ಹೇಗನ್ ಎಂಬ ಯುವಕನನ್ನೂ ಕೇಳಿದನು. ಮಕಾಲೆ ಸೇಂಟ್ ಲೂಯಿಸ್ ನಗರದವನೇ. ಆತನ ಎಳೆಯ ಮಗ ತೀವ್ರ ಕಾಯಿಲೆಯಿಂದ ನರಳುತ್ತಿದ್ದುದರಿಂದ ಊರಿಗೆ ಮರಳಲು ಆತನೂ ಇಷ್ಟಪಟ್ಟನು. ಊರಿನ ಅಚ್ಚುಮೆಚ್ಚಿನವನು ಬಂದರೆ ಇಂದೇ ಜನ ಸೇರುತ್ತಾರೆಂಬುದು ಕರ್ನರನ ಲೆಕ್ಕ. ಔರ್‌ಬ್ಯಾಕ್ ಇಬ್ಬರನ್ನೂ ಕೊಟ್ಟು ರಸೆಲ್‌ನನ್ನು ಪಡೆದನು.

ಈ ಧೈರ್ಯ ನಮ್ಮ ಸೀಮೆಯವರಿಗೆ ಹೊಸದಲ್ಲ. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಪ್ರಾರಂಭವಾದಾಗ ಭಾರತ ಸರ್ಕಾರದ ಒಪ್ಪಿಗೆ ದೊರೆತದ್ದು ಸಣ್ಣ ಕಟ್ಟೆಗೆ ಮಾತ್ರ. ಆದರೂ ಮೈಸೂರಿನವರು ಮುಂದಿನ ದೊಡ್ಡ ಕಟ್ಟೆಗೆ ತಕ್ಕ ಬುನಾದಿಯನ್ನೇ ಹಾಕಿದರು. ಅಂದಿನ ಖರ್ಚು ಕಣ್ಣಿಗೆ ಕಾಣುತ್ತಿತ್ತು, ನಾಳಿನ ನೀರು ಕಾಣುತ್ತಿರಲಿಲ್ಲ. ಆ ನೀರು ಹರಿದ ನಾಲೆಯ ದಡದಲ್ಲಿ ಇಂದು ನಮ್ಮಲ್ಲಿ ಅನೇಕರ ಮನೆಗಳಿವೆ.

ರಸೆಲ್ ಕೂಡಲೇ ಬರಲಿಲ್ಲ. ಮೆಲ್ಬೋರ್ನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದುಕೊಟ್ಟು, ಡಿಸೆಂಬರಿನಲ್ಲಿ ತಂಡವನ್ನು ಸೇರಿದನು. ಅಂಕ ಗಳಿಸುವ ಚಿಂತೆ ಬೇಡ, ಚೆಂಡು ಹಿಡಿದುಕೊಟ್ಟರೆ ಸಾಕೆಂದು ಔರ್‌ಬ್ಯಾಕ್ ಆತನಿಗೆ ಅಭಯವಿತ್ತನು. 1957ರ ಅಂತಿಮ ಸರಣಿಯಲ್ಲಿ ಎದುರಾದವರು ಸೇಂಟ್ ಲೂಯಿಸಿನವರೇ. 7ನೆಯ ಪಂದ್ಯ ಎರಡು ಸಲ ಹೆಚ್ಚುವರಿ ಅವಧಿಗೆ ಹೋಗಿ, ಬೋಸ್ಟನ್ 125-123ರಿಂದ ಗೆದ್ದಿತು. 1958ರಲ್ಲಿ ರಸೆಲ್ ಕಾಲಿನ ಗಾಯದಿಂದ ಬಳಲುತ್ತಿದ್ದಾಗ, ಮಕಾಲೆ, ಹೇಗನ್ ಇದ್ದ ಸೇಂಟ್ ಲೂಯಿಸ್ ಗೆದ್ದಿತು. ಆದಕಾರಣ ಕರ್ನರನನ್ನು ಮೂರ್ಖನೆನ್ನುವುದು ನ್ಯಾಯವಲ್ಲ. ತಾನು ಬಯಸಿದ ಇಂದಿನ ಫಲ ಆತನಿಗೂ ದೊರೆಯಿತು. ಆದರೆ 1959ರಿಂದ 1966ರವರೆಗೆ ಸತತ ಎಂಟು ವರ್ಷ ಪ್ರಶಸ್ತಿ ಬೋಸ್ಟನ್ನಿನದಾಯಿತು. ರಸೆಲ್ 13 ವರ್ಷಗಳಲ್ಲಿ 11 ಪ್ರಶಸ್ತಿ ಕಂಡನು.

ಔರ್‌ಬ್ಯಾಕ್ ಆಟವನ್ನು ತೂಗಿದನೇ ಹೊರತು ಮೈಬಣ್ಣವನ್ನಲ್ಲ. ಆ ಲೀಗಿನ ಆಯ್ಕೆಯಲ್ಲಿ ಮೊದಲ ಕಪ್ಪು ಆಟಗಾರನಾಗಿ 1950ರಲ್ಲಿ ಚಕ್ ಕೂಪರ್‌ನನ್ನು ಆರಿಸಿದ್ದು ಬೋಸ್ಟನ್. 1966ರಲ್ಲಿ ತರಬೇತಿಯಿಂದ ನಿವೃತ್ತನಾದಾಗ ಆ ಸ್ಥಾನವನ್ನು ಔರ್‌ಬ್ಯಾಕ್ ರಸೆಲ್‌ಗೆ ವಹಿಸಿದನು. ಕಪ್ಪು ಜನಾಂಗದವನೊಬ್ಬ ಆ ಲೀಗಿನಲ್ಲಿ ತರಬೇತುಗಾರನಾದುದು ಅದೇ ಪ್ರಥಮ. ಹುಟ್ಟು ನೋಡಿ ಮನುಷ್ಯನನ್ನು ಅಳೆಯುವ ಚಾಳಿ ಇನ್ನೂ ಬಿಡದಿರುವ ನಾವು ಇದನ್ನು ಗಮನಿಸುವುದು ಒಳ್ಳೆಯದು.

ಮುಂದೆ ವ್ಯವಸ್ಥಾಪಕನಾಗಿ ಆತ ಇದೇ ವಿದ್ಯೆಯನ್ನು ಮುಂದುವರಿಸಿದನು. ಲ್ಯಾರಿ ಬರ್ಡ್ ಕಾಲೇಜಿನಲ್ಲಿ ಇನ್ನೊಂದು ವರ್ಷ ಆಡಲಿದ್ದನೆಂದು ತಿಳಿದೂ 1978ರಲ್ಲಿ ಆತನನ್ನು ಆರಿಸಿ ವರ್ಷವಿಡೀ ಕಾದನು. 1980ರಲ್ಲಿ ತನ್ನ ಬಳಿಯಿದ್ದ ಮೊದಲನೆಯ ಮತ್ತು 13ನೆಯ ಸರದಿಗಳನ್ನು ಗೋಲ್ಡನ್ ಸ್ಟೇಟ್ ತಂಡಕ್ಕೆ ಕೊಟ್ಟು, ರಾಬರ್ಟ್ ಪ್ಯಾರಿಷ್ ಎಂಬ ಆಟಗಾರನನ್ನೂ ಮೂರನೆಯ ಸರದಿಯನ್ನೂ ಪಡೆದನು. ಆ ಸರದಿಯಲ್ಲಿ ಕೆವಿನ್ ಮಕ್‌ಹೇಲ್‌ನನ್ನು ಆರಿಸಿದನು. ಈ ಮೂವರ ಬಲದಿಂದ 1981, 1984, 1986ರಲ್ಲಿ ಪ್ರಶಸ್ತಿಗಳು ಬಂದವು.

ಆದರೆ ಕರು ಕೊಂಡವನ ಭಯವೂ ಆತನಿಗೆ ತಪ್ಪಲಿಲ್ಲ. 1984ರಲ್ಲಿ ಜೆರಾಲ್ಡ್ ಹೆಂಡರ್‌ಸನ್ ಎಂಬ ನುರಿತ ಆಟಗಾರನನ್ನು ಸಿಯಾಟಲ್ ತಂಡಕ್ಕೆ ಕೊಟ್ಟು, ಅದರ 1986ರ ಸರದಿಯನ್ನು ಪಡೆದಿದ್ದನು. ಅದು ಎರಡನೆಯ ಸರದಿಯಾಗಿ ಒದಗಿತು. ಆರಿಸಿದ್ದು ಲೆನ್ ಬಯಾಸ್ ಎಂಬ 22 ವರ್ಷದ ಯುವಕನನ್ನು. ಆಯ್ಕೆಯಾದ ಎರಡೇ ದಿನಕ್ಕೆ, ಜೂನ್ 19ರಂದು, ಮಾದಕದ್ರವ್ಯದ ಸೇವನೆಯಿಂದ ಆತ ಮೃತನಾದನು. ತೂಕದಲ್ಲಿ ದೋಷವಿರಲಿಲ್ಲ; ತೂಗಿದ ವಸ್ತುವೇ ಕೈಜಾರಿತು. ಮತ್ತೊಂದು ಪ್ರಶಸ್ತಿಗೆ ಬೋಸ್ಟನ್ 2008ರವರೆಗೆ ಕಾಯಬೇಕಾಯಿತು. ಅದನ್ನು ನೋಡಲು ಔರ್‌ಬ್ಯಾಕ್ ಇರಲಿಲ್ಲ. 2006ರ ಅಕ್ಟೋಬರ್ 28ರಂದು, 89ನೆಯ ವಯಸ್ಸಿನಲ್ಲಿ ಆತ ಕಾಲವಾಗಿದ್ದನು.

ಈಗ ನನ್ನ ಕಾರಣ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ನಾನು ಬಿ.ಎ.ಗೆ ಸೇರಿದ ವರ್ಷ ಅಪ್ಪ ಜಾತ್ರೆಯಲ್ಲಿ ನಮ್ಮ ಎತ್ತಿನ ಜೋಡಿಯನ್ನು ಮಾರಿದರು. ಹಿಂತಿರುಗುವಾಗ ಕರು ತರಲಿಲ್ಲ. ಆ ಹಣ ನನ್ನ ಫೀಸಿಗೂ ಊಟವಸತಿಗೂ ಹೋಯಿತು. ಅಂದಿನಿಂದ ಅವರು ಬಾಡಿಗೆ ಟ್ರಾಕ್ಟರಿಗಾಗಿ ಊರವರೆಲ್ಲರ ಸರದಿ ಮುಗಿಯುವವರೆಗೆ ಕಾಯುತ್ತಾರೆ. ಎರಡು ಮುಂಗಾರು ನಮ್ಮ ಹೊಲಕ್ಕೆ ತಡವಾಗಿಯೇ ಬಿತ್ತನೆಯಾಯಿತು. ಈ ಅದಲುಬದಲಿನಲ್ಲಿ ಅಪ್ಪ ಹಿಡಿದ ಕರು ನಾನೇ ಎಂಬುದು ಔರ್‌ಬ್ಯಾಕನ ಚರಿತ್ರೆ ಓದುವಾಗ ನನಗೆ ಹೊಳೆಯಿತು. ಈ ಕಾಲೇಜಿನಲ್ಲಿ ಇಂಥ ಕರುಗಳು ನಾನೊಬ್ಬನೇ ಅಲ್ಲವೆಂದು ಬಲ್ಲೆ.

ಕೊಂಡವನ ಕೆಲಸ ತೂಗುವುದು, ಮೇವು ಹಾಕುವುದು, ಕಾಯುವುದು. ಅದನ್ನು ನಮ್ಮ ತಂದೆತಾಯಿಗಳು ಮಾಡಿದ್ದಾರೆ. ಉಳಿದುದು ನಮ್ಮದು. ರಸೆಲ್ ಆಗುವುದು ಎಲ್ಲರಿಗೂ ಸಾಧ್ಯವಲ್ಲ. ಬಯಾಸ್ ಆಗದಿರುವುದು ಬಹಳಮಟ್ಟಿಗೆ ನಮ್ಮ ಕೈಯಲ್ಲಿದೆ. ಇನ್ನು ಕೆಲವೇ ತಿಂಗಳಲ್ಲಿ ಅಂತಿಮ ಪರೀಕ್ಷೆ ಮುಗಿಸಿ ನಾನು ಊರಿಗೆ ಹೋಗುತ್ತೇನೆ. ಅಪ್ಪ ಇಂದಿನವರೆಗೆ ಲೆಕ್ಕ ಕೇಳಿಲ್ಲ. ಕೇಳುವ ಮೊದಲೇ ಹೇಳಲು ಏನಾದರೂ ಇರಬೇಕೆಂಬುದೇ ನನ್ನ ಆಸೆ.